ಮನೆಗೆ ಮಾರಿ, ಊರಿಗೆ ಉಪಕಾರಿ?

(ಹೊಳೆನರಸೀಪುರದಲ್ಲಿ ಸೇರಿದ್ದ ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ, ರಾಜಕಾರಣಿಯೂ ಅಲ್ಲ. ಬಳಪ ಹಲಗೆಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದವನು. ಆದಕಾರಣ ಇಂದಿನ ವಿಷಯವನ್ನು ರಾಜನೀತಿಯ ಎತ್ತರದಿಂದ ನೋಡದೆ, ಸಂತೆಯ ಬೀದಿಯಲ್ಲಿ ಅದು ನನ್ನ ಕಿವಿಗೆ ಬಿದ್ದ ರೀತಿಯಿಂದಲೇ ಆರಂಭಿಸಲು ಅಪ್ಪಣೆ ಬೇಡುತ್ತೇನೆ.

ಕೆಲವು ತಿಂಗಳ ಹಿಂದೆ ಇದೇ ಊರಿನ ಸಂತೆಯಲ್ಲಿ ಸೊಪ್ಪು ಮಾರುವ ವೃದ್ಧೆಯೊಬ್ಬಳು ನನ್ನನ್ನು ತಡೆದು, "ಏನ್ ಮೇಷ್ಟ್ರೇ, ನಾಕು ತಿಂಗ್ಳಾಯ್ತು, ನನ್ನ ಪಿಂಚಣಿ ಬಂದಿಲ್ಲ. ಹೊರಗಿನ ದೇಶದೋರಿಗೆಲ್ಲ ಕೋಟಿಗಟ್ಲೆ ಕೊಡ್ತಾರಂತಲ್ಲ, ನಂಗೆ ಕೊಡೋಕೆ ಏನು ಬಡತನ?" ಎಂದು ಕೇಳಿದಳು. ಪಕ್ಕದಲ್ಲಿ ಈರುಳ್ಳಿ ತೂಗುತ್ತಿದ್ದವನು ತಲೆಯೆತ್ತದೆಯೇ, "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದ. ಸುತ್ತ ನಿಂತಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ, ಉತ್ತರವೂ ಬರಲಿಲ್ಲ.

ಮಹನೀಯರೆ, ಲೋಕಾಭಿಪ್ರಾಯವೆಂಬುದು ಪತ್ರಿಕೆಗಳ ಅಗ್ರಲೇಖನಗಳಲ್ಲಿ ಹುಟ್ಟುವುದಕ್ಕೆ ಮೊದಲು ಇಂತಹ ತಕ್ಕಡಿಗಳ ಮುಂದೆ ಹುಟ್ಟುತ್ತದೆ. ಆ ಗಾದೆಯನ್ನು ಅಲ್ಲಗಳೆಯುವುದು ಸುಲಭ; ಅದರ ಹಿಂದಿರುವ ನೋವನ್ನು ಅಲ್ಲಗಳೆಯುವುದು ಅಧರ್ಮ. ಆದರೆ ನೋವು ನಿಜವಾದ ಮಾತ್ರಕ್ಕೆ ಅದರ ಕಾರಣವೆಂದು ನಾವು ತೋರಿಸಿದ ಬೆರಳು ಸರಿಯಾದ ಕಡೆಗೇ ಇರಬೇಕೆಂದಿಲ್ಲ. ಈ ಭೇದವನ್ನು ತಮ್ಮ ಅವಗಾಹನೆಗೆ ತರುವುದೇ ನನ್ನ ಇಂದಿನ ಉದ್ದೇಶ.

ಲೆಕ್ಕ ಏನು ಹೇಳುತ್ತದೆ?

ಮೊದಲು ಲೆಕ್ಕವನ್ನು ನೋಡೋಣ. ೨೦೨೪-೨೫ನೆಯ ಸಾಲಿನ ಕೇಂದ್ರ ಸರ್ಕಾರದ ಆಯವ್ಯಯದ ಅಂದಾಜು ಸುಮಾರು ೪೮.೨ ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪರದೇಶಗಳ ನೆರವಿಗೆಂದು ವಿದೇಶಾಂಗ ಖಾತೆಯಲ್ಲಿ ತೆಗೆದಿರಿಸಿದುದು ಸುಮಾರು ೪,೮೮೩ ಕೋಟಿ. ಇಲ್ಲಿರುವ ಗಣಿತದ ಉಪಾಧ್ಯಾಯರು ಮನಸ್ಸಿನಲ್ಲಿಯೇ ಭಾಗಿಸಿಬಿಟ್ಟಿರಬೇಕು: ಸಾವಿರ ರೂಪಾಯಿಗೆ ಒಂದು ರೂಪಾಯಿ. ಆ ಒಂದು ರೂಪಾಯಿಯಲ್ಲಿಯೂ ನಲವತ್ತು ಪೈಸೆಗೆ ಮಿಕ್ಕಿದ ಪಾಲು ಭೂತಾನವೊಂದಕ್ಕೇ ಸಲ್ಲತಕ್ಕದ್ದು. ಭೂತಾನದಲ್ಲಿ ನಾವು ಮಾಡಿದ್ದೇನು? ಚುಖಾ ಜಲವಿದ್ಯುದಾಗಾರಕ್ಕೆ ನಮ್ಮ ದೇಶ ಕೊಟ್ಟ ಹಣದಲ್ಲಿ ನೂರಕ್ಕೆ ಅರವತ್ತು ಪಾಲು ಅನುದಾನ, ನಲವತ್ತು ಪಾಲು ಸಾಲ. ಅಲ್ಲಿ ಹುಟ್ಟಿದ ವಿದ್ಯುತ್ತಿನಲ್ಲಿ ಅವರಿಗೆ ಬೇಕಾದುದು ಹೋಗಿ ಉಳಿದುದನ್ನು ಕೊಂಡವರೂ ನಾವೇ. ಇದನ್ನು ಬರಿಯ ಧರ್ಮವೆಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಇನ್ನು ನಮ್ಮ ಜಿಲ್ಲೆಗೆ ಬರೋಣ. ೧೯೮೨ರಲ್ಲಿ ಸ್ಥಾಪಿತವಾದ ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರವನ್ನು ತಾವೆಲ್ಲರೂ ಬಲ್ಲಿರಿ. ಮಕ್ಕಳಿಗೆ ಅದರ ದೊಡ್ಡ ಬೋಗುಣಿಗಳನ್ನು ತೋರಿಸದ ಮೇಷ್ಟರು ಈ ಸುತ್ತಿನಲ್ಲಿ ಅಪರೂಪ. ೨೦೧೭ರ ಮೇ ೫ರಂದು ಶ್ರೀಹರಿಕೋಟೆಯಿಂದ ಹಾರಿದ ದಕ್ಷಿಣ ಏಷ್ಯಾ ಉಪಗ್ರಹದ ಕಡಿವಾಣವನ್ನು ಕೈಗೆತ್ತಿಕೊಂಡವರು ಹಾಸನದ ಆ ಕೇಂದ್ರದವರೇ. ಆಫ್ಘಾನಿಸ್ತಾನ, ಬಾಂಗ್ಲಾದೇಶ, ಭೂತಾನ, ಮಾಲ್ಡೀವ್ಸ್, ನೇಪಾಳ, ಶ್ರೀಲಂಕಾಗಳಿಗೆ ಅದು ಭಾರತದ ಕೊಡುಗೆ, ಪಾಕಿಸ್ತಾನ ಸೇರಲಿಲ್ಲ. ಉಪಗ್ರಹಕ್ಕೆ ಸುಮಾರು ೨೩೫ ಕೋಟಿ, ಉಡಾವಣೆಯೂ ಕೂಡಿ ಸುಮಾರು ೪೫೦ ಕೋಟಿ ರೂಪಾಯಿ ವೆಚ್ಚವೆಂದು ಆಗ ಪ್ರಕಟವಾಯಿತು. "ನಮ್ಮ ಹಳ್ಳಿಯ ಶಾಲೆಯ ಹೆಂಚು ಸೋರುತ್ತಿರುವಾಗ ನೇಪಾಳಕ್ಕೆ ಆಕಾಶದಲ್ಲಿ ತಾರೆ ಕಟ್ಟಿಕೊಡುವುದೇ?" ಎಂದು ನನ್ನ ಸಹೋದ್ಯೋಗಿಯೊಬ್ಬರು ಬಹಳ ಕೋಪದಿಂದ ಕೇಳಿದ್ದರು. ಅಂದಿನ ಜನಸಂಖ್ಯೆಯನ್ನು ೧೩೦ ಕೋಟಿಯೆಂದು ಹಿಡಿದರೆ ತಲೆಗೆ ಮೂರೂವರೆ ರೂಪಾಯಿ ಬೀಳುತ್ತದೆ. ಆ ಮೂರೂವರೆ ರೂಪಾಯಿ ಉಳಿದಿದ್ದರೆ ಅದು ಹೆಂಚಾಗಿ ಶಾಲೆಯ ಮೇಲೆ ಇಳಿಯುತ್ತಿತ್ತೆ? ನನಗೆ ಸಂದೇಹ. ಉಳಿದ ೯೯೯ ರೂಪಾಯಿ ಏಕೆ ಇಳಿಯಲಿಲ್ಲವೆಂಬುದಕ್ಕೆ ಯಾರು ಉತ್ತರ ಹೇಳುತ್ತಾರೆ?

ಲೆಕ್ಕದಿಂದ ಸಿದ್ಧವಾಗುವುದು ಇಷ್ಟೇ: ಕೊಟ್ಟ ಹಣ ಚಿಕ್ಕದು. ಕೊಟ್ಟುದು ಸರಿಯೆಂದು ಅದರಿಂದ ಸಿದ್ಧವಾಗುವುದಿಲ್ಲ. ಆ ವಿಚಾರಕ್ಕೆ ಬೇರೊಂದು ಅಳತೆಗೋಲು ಬೇಕು.

ನಾಲ್ಕು ಮಾತುಗಳು

ನಮ್ಮ ಲೋಕಾಭಿಪ್ರಾಯದ ದೊಡ್ಡ ದೋಷವೆಂದರೆ ದಾನ, ವ್ಯಾಪಾರ, ಪಾಲು, ಹಕ್ಕು ಎಂಬ ನಾಲ್ಕು ಬೇರೆ ಬೇರೆ ಧಾನ್ಯಗಳನ್ನು ಒಂದೇ ಚೀಲಕ್ಕೆ ಸುರಿದು, ಅದರ ಮೇಲೆ "ಉಪಕಾರ" ಎಂದು ಬರೆದಿಡುವುದು. ಇವನ್ನು ಬೇರ್ಪಡಿಸಿ ನೋಡಿದರೆ ಅರ್ಧ ಜಗಳ ತಾನಾಗಿ ನಿಲ್ಲುತ್ತದೆ. ಉಳಿದ ಅರ್ಧ ಜಗಳ ಸರಿಯಾದ ಸ್ಥಳದಲ್ಲಿ ಆರಂಭವಾಗುತ್ತದೆ.

ಪಾಲಿನ ಮಾತು ನಮ್ಮ ಊರಿಗೇ ಸೇರಿದ್ದು. ೧೯೯೬ರ ಡಿಸೆಂಬರ್ ೧೨ರಂದು ದೆಹಲಿಯಲ್ಲಿ ಭಾರತಕ್ಕೂ ಬಾಂಗ್ಲಾದೇಶಕ್ಕೂ ಗಂಗಾಜಲದ ಒಪ್ಪಂದವಾಯಿತು. ಭಾರತದ ಪರವಾಗಿ ರುಜು ಹಾಕಿದವರು ಇದೇ ತಾಲ್ಲೂಕಿನ ಹರದನಹಳ್ಳಿಯಲ್ಲಿ ಜನಿಸಿ ಅಂದು ಪ್ರಧಾನಮಂತ್ರಿಗಳಾಗಿದ್ದ ಶ್ರೀ ಎಚ್. ಡಿ. ದೇವೇಗೌಡರು, ಬಾಂಗ್ಲಾದೇಶದ ಪರವಾಗಿ ಶ್ರೀಮತಿ ಷೇಖ್ ಹಸೀನಾ ಅವರು. ಒಪ್ಪಂದದ ಅವಧಿ ಮೂವತ್ತು ವರ್ಷ. ಜನವರಿಯಿಂದ ಮೇ ಕೊನೆಯವರೆಗಿನ ಬೇಸಗೆಯಲ್ಲಿ ಫರಕ್ಕಾ ಅಣೆಕಟ್ಟಿನ ಬಳಿ ನೀರು ೭೦,೦೦೦ ಕ್ಯುಸೆಕ್ಸ್ ಅಥವಾ ಅದಕ್ಕೂ ಕಡಮೆಯಿದ್ದರೆ ಇಬ್ಬರಿಗೂ ಸಮಪಾಲು. ೭೫,೦೦೦ದವರೆಗೆ ಇದ್ದರೆ ಬಾಂಗ್ಲಾದೇಶಕ್ಕೆ ೩೫,೦೦೦, ಮಿಕ್ಕಿದ್ದು ನಮಗೆ. ಅದಕ್ಕೂ ಹೆಚ್ಚಾದರೆ ನಮಗೆ ೪೦,೦೦೦, ಮಿಕ್ಕಿದ್ದು ಅವರಿಗೆ.

ಆ ದಿನಗಳಲ್ಲಿ ಈ ಊರಿನ ಕಾಫಿ ಹೋಟೆಲುಗಳಲ್ಲಿ ನಡೆದ ಚರ್ಚೆ ನನಗೆ ಚೆನ್ನಾಗಿ ನೆನಪಿದೆ. "ಹೇಮಾವತಿಯ ನೀರನ್ನು ನಮ್ಮ ಗದ್ದೆಗೆ ಹರಿಸಲು ಕಾವೇರಿ ನ್ಯಾಯಾಧಿಕರಣದ ಮುಂದೆ ಕೈಕಟ್ಟಿ ನಿಂತಿದ್ದೇವೆ, ಗಂಗೆಯನ್ನು ಪರದೇಶಕ್ಕೆ ಕೊಡುವುದೇ?" ಎಂದು ಕೇಳಿದವರಿದ್ದರು. ಕೇಳಿದ್ದು ತಪ್ಪಲ್ಲ. ೧೯೯೧ರ ಮಧ್ಯಂತರ ಆದೇಶದ ೨೦೫ ಟಿ.ಎಂ.ಸಿ. ಎಂಬ ಸಂಖ್ಯೆ ಅಂದು ಇಲ್ಲಿನ ಚಿಕ್ಕ ಮಕ್ಕಳಿಗೂ ಬಾಯಿಪಾಠವಾಗಿತ್ತು. ಆದರೆ ವಿಚಾರಮಾಡಿರಿ. ಕೆಳಗಿನ ದೇಶಕ್ಕೆ ನದಿ ಹರಿಯುವುದು ಮೇಲಿನವರ ದಾನದಿಂದಲ್ಲ, ಅದು ಪಾಲು. ಪಾಲಿನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ "ಏಕೆ ಕೊಟ್ಟಿರಿ?" ಎಂಬುದಲ್ಲ, "ಅಳೆದು ಕೊಟ್ಟಿರಾ? ಬರೆದು ಕೊಟ್ಟಿರಾ? ಕಷ್ಟಕಾಲದ ಸೂತ್ರವನ್ನು ಮೊದಲೇ ಗೊತ್ತುಮಾಡಿದಿರಾ?" ಎಂಬುದು. ಕಾವೇರಿಯಲ್ಲಿ ನಾವು ಬಹುಕಾಲ ಬೇಡಿದ್ದು ಇದನ್ನೇ ಅಲ್ಲವೆ? ಮಳೆ ಬಾರದ ವರ್ಷದ ಸಂಕಟವನ್ನು ಹಂಚಿಕೊಳ್ಳುವ ನ್ಯಾಯವಾದ ಸೂತ್ರವೊಂದು ಬೇಕೆಂದು. ನಮಗೆ ಬೇಕಾದ ನ್ಯಾಯವನ್ನು ನಾವು ಬೇರೊಬ್ಬರಿಗೆ ಕೊಟ್ಟಾಗ ಸಂಕಟಪಡುವುದು ಹೇಗೆ?

ಚನ್ನರಾಯಪಟ್ಟಣದ ಮಿತ್ರರು ಇಲ್ಲಿ ಮುಗುಳುನಗುತ್ತಿರುವುದನ್ನು ನಾನು ಕಂಡೆ. ಅವರ ನೋವು ಬೇರೆ. ಹೇಮಾವತಿಯ ನೀರು ಬಾಗೂರು-ನವಿಲೆಯ ಸುರಂಗದ ಮೂಲಕ ಅವರ ತಾಲ್ಲೂಕಿನ ನೆಲದಡಿಯಲ್ಲಿಯೇ ತುಮಕೂರಿನ ಕಡೆಗೆ ಹೋಗುತ್ತದೆ. ಮೇಲೆ ನಿಂತು ಬತ್ತಿದ ಕೆರೆಯನ್ನು ನೋಡುವವನಿಗೆ ತುಮಕೂರೂ ಒಂದು ಪರದೇಶವೇ. "ಸುರಂಗದ ಸಂತ್ರಸ್ತರು" ಎಂಬ ಮಾತೇ ಆ ಸೀಮೆಯಲ್ಲಿ ಹುಟ್ಟಿಕೊಂಡಿತು. ಅವರು ತುಮಕೂರಿನವರ ಬಾಯಾರಿಕೆಯ ಮೇಲೆ ದ್ವೇಷ ಸಾಧಿಸಬೇಕೆ? ಬೇಡ. ನಮ್ಮ ಕೆರೆ ತುಂಬಿಸಿರಿ, ಕಳೆದುಕೊಂಡದ್ದಕ್ಕೆ ಪರಿಹಾರ ಕೊಡಿರಿ ಎಂದು ಕೇಳಬೇಕೆ? ಅವಶ್ಯವಾಗಿ ಕೇಳಬೇಕು, ಅದು ಅವರ ಹಕ್ಕು. ಪಾಲು ಕೊಡುವಾಗ ಹಕ್ಕನ್ನು ಮರೆತರೆ ಉಪಕಾರದ ಹೆಸರೇ ಕೆಡುತ್ತದೆ.

ನಾವು ಉಂಡ ಅನ್ನ

ಈಗ ತಕ್ಕಡಿಯ ಇನ್ನೊಂದು ತಟ್ಟೆಯನ್ನು ನೋಡೋಣ. ೧೯೭೦ರ ಸುಮಾರಿನಲ್ಲಿ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಓದುತ್ತಿದ್ದಾಗ ಮಧ್ಯಾಹ್ನ ನಮಗೆ ಕೇರ್ ಸಂಸ್ಥೆಯ ಗೋಧಿಯ ಉಪ್ಪಿಟ್ಟು ಸಿಗುತ್ತಿತ್ತು. ಇಲ್ಲಿ ತಲೆ ನರೆತವರಲ್ಲಿ ಅದರ ರುಚಿಯನ್ನು ಮರೆತವರು ಯಾರೂ ಇರಲಾರರು. ಅದು ಅಮೆರಿಕಾ ದೇಶದಿಂದ ಬಂದದ್ದೆಂದು ಮೇಷ್ಟರು ಹೇಳಿದ್ದನ್ನು ಮನೆಯಲ್ಲಿ ಅಜ್ಜಿಗೆ ಹೇಳಿದೆ. ಆಕೆ ಕ್ಷಣ ಸುಮ್ಮನಿದ್ದು, "ಅವರ ಮಕ್ಕಳು ಉಂಡು ಮಿಕ್ಕಿದ್ದೋ, ಅವರ ಮಕ್ಕಳ ಹೊಟ್ಟೆ ಕಟ್ಟಿ ಕಳಿಸಿದ್ದೋ?" ಎಂದು ಕೇಳಿದಳು. ಅಂದು ನನಗೆ ಉತ್ತರ ತಿಳಿಯದು. ಇಂದು ತಿಳಿದಿದೆ: ಅದು ಬಹುಮಟ್ಟಿಗೆ ಅವರ ಕಣಜದಲ್ಲಿ ಮಿಕ್ಕಿದ್ದು. ೧೯೫೬ರಲ್ಲಿ ಪಿ.ಎಲ್. ೪೮೦ ಎಂಬ ಅವರ ಕಾಯಿದೆಯಂತೆ ನಮಗೆ ಗೋಧಿ ಬರತೊಡಗಿತು. ಅವರಿಗೆ ಮಿಗತೆ ದಾಸ್ತಾನು ಕರಗಬೇಕಾಗಿತ್ತು, ನಮಗೆ ಹಸಿವು ಹಿಂಗಬೇಕಾಗಿತ್ತು. ಅಲ್ಲಿಯೂ "ನಮ್ಮಲ್ಲಿಯೇ ಬಡವರಿರುವಾಗ ಪರರಿಗೇಕೆ?" ಎಂದು ಕೇಳಿದ ತೆರಿಗೆದಾರರು ಇದ್ದೇ ಇದ್ದರು.

ಆದರೆ ಆ ಗೋಧಿಗೆ ಹಗ್ಗವೂ ಇತ್ತು. ೧೯೬೫-೬೬ರ ಅನಾವೃಷ್ಟಿಯಲ್ಲಿ ದೇಶ ತತ್ತರಿಸುತ್ತಿದ್ದಾಗ ಅಧ್ಯಕ್ಷ ಜಾನ್ಸನ್ನರು ಹಡಗುಗಳನ್ನು ತಿಂಗಳ ತಿಂಗಳ ಲೆಕ್ಕದಲ್ಲಿ ಬಿಡತೊಡಗಿದರು; ವಿಯೆಟ್ನಾಮಿನ ಯುದ್ಧದ ಬಗೆಗೆ ನಮ್ಮವರು ಆಡಿದ ಮಾತು ಅವರಿಗೆ ಹಿಡಿಸಿರಲಿಲ್ಲ. ಹಸಿದವನ ಬಾಯಿಗೆ ತುತ್ತಿನೊಡನೆ ಕಡಿವಾಣವನ್ನೂ ಇಟ್ಟರೆ ಅದು ದಾನವಲ್ಲ, ವ್ಯಾಪಾರದಲ್ಲಿಯೂ ಕೀಳು ವ್ಯಾಪಾರ. ಆ ಅಪಮಾನವೇ ಸ್ವಂತ ಧಾನ್ಯ ಬೆಳೆಯುವ ಹಟವನ್ನು ದೇಶದಲ್ಲಿ ಬಲಪಡಿಸಿತು.

ಪರದೇಶದ ನೆರವು ಯಾವಾಗಲೂ ಹೀಗೆಯೇ ಎಂದಲ್ಲ. ೧೯೭೦ರಲ್ಲಿ ಆರಂಭವಾದ ಕ್ಷೀರಪ್ರವಾಹ ಯೋಜನೆಗೆ ಯೂರೋಪಿನ ರಾಷ್ಟ್ರಗಳು ಕೊಟ್ಟ ಹಾಲಿನ ಪುಡಿಯನ್ನು ನಮ್ಮವರು ಸುಮ್ಮನೆ ಹಂಚಿಬಿಡಲಿಲ್ಲ. ಅದನ್ನು ಹಾಲಾಗಿಸಿ ಮಾರಿ, ಬಂದ ಹಣದಿಂದ ರೈತರ ಸಹಕಾರ ಸಂಘಗಳನ್ನು ಕಟ್ಟಿದರು. ೧೯೭೪-೭೫ರಲ್ಲಿ ವಿಶ್ವಬ್ಯಾಂಕಿನ ಸಾಲದ ಆಸರೆಯಿಂದ ಹಳೆಯ ಮೈಸೂರಿನ ಕೆಲವು ಜಿಲ್ಲೆಗಳಲ್ಲಿ ಹೈನುಗಾರಿಕೆ ಯೋಜನೆ ನಡೆಯಿತು. ಅವುಗಳಲ್ಲಿ ಹಾಸನವೂ ಒಂದು. ಬೆಳಗ್ಗೆ ಡೈರಿಯ ಮುಂದೆ ಕ್ಯಾನು ಹಿಡಿದು ನಿಲ್ಲುವ ನಮ್ಮ ಹೆಣ್ಣುಮಕ್ಕಳ ಕೈಯ ಕಾಸಿನ ಮೂಲದಲ್ಲಿ ನಾವು ಕಾಣದ ಜನರ ಹಣವೂ ಇತ್ತೆಂಬುದನ್ನು ಮರೆಯಲಾಗದು. ಉಂಡವರು ನಾವು, ಬಡಿಸಬಾರದೆಂದು ಹೇಳುವ ಹಕ್ಕು ನಮಗೆ ಎಲ್ಲಿಯದು?

ಯಾರ ಒಪ್ಪಿಗೆಯಿಂದ?

ಇತಿಹಾಸದ ಎರಡು ಪ್ರಸಂಗಗಳನ್ನು ಹೋಲಿಸಿ ನೋಡಿರಿ. ೧೯೧೪ರಲ್ಲಿ ಮಹಾಯುದ್ಧ ಹತ್ತಿಕೊಂಡಾಗ ಮೈಸೂರು ಸಂಸ್ಥಾನದಿಂದ ಬ್ರಿಟಿಷರ ಸೇನಾವೆಚ್ಚಕ್ಕೆ ೫೦ ಲಕ್ಷ ರೂಪಾಯಿ ಸಂದಾಯವಾಯಿತು. ಆ ಹಣ ಹಾಸನದ ರೈತನ ಕಂದಾಯದಿಂದಲೂ ಬಂದದ್ದು. ಅವನ ಅಭಿಪ್ರಾಯವನ್ನು ಕೇಳಿದವರಿಲ್ಲ. ೧೯೩೮ರಲ್ಲಿ ಜಪಾನಿನ ದಾಳಿಗೆ ಸಿಕ್ಕಿದ ಚೀನಕ್ಕೆ ಕಾಂಗ್ರೆಸ್ಸು ಐವರು ವೈದ್ಯರನ್ನು ಕಳುಹಿಸಿತು. ಖಜಾನೆಯಿಲ್ಲದ ಆ ಸಂಸ್ಥೆ ಜನರಿಂದ ಚಂದಾ ಎತ್ತಿತು. ಅದೇ ವರ್ಷ ಏಪ್ರಿಲಿನಲ್ಲಿ ನಮ್ಮ ವಿದುರಾಶ್ವತ್ಥದಲ್ಲಿ ಗುಂಡೇಟಿಗೆ ಜನ ಬಿದ್ದಿದ್ದರು. ಮನೆಯಲ್ಲಿ ಸಂಕಟವಿರಲಿಲ್ಲವೆಂದು ಯಾರು ಹೇಳಬಲ್ಲರು? ಆ ಐವರಲ್ಲಿ ಒಬ್ಬರು, ಕನ್ನಡ ಮರಾಠಿಗಳೆರಡೂ ಬೆರೆತ ಸೊಲ್ಲಾಪುರದಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ಣೀಸರು, ೧೯೪೨ರ ಡಿಸೆಂಬರಿನಲ್ಲಿ ಮೂವತ್ತೆರಡರ ವಯಸ್ಸಿಗೆ ಚೀನದ ನೆಲದಲ್ಲಿಯೇ ಪ್ರಾಣಬಿಟ್ಟರು. ಮೊದಲನೆಯದು ಆಜ್ಞೆಯಿಂದ ಹೋದ ಹಣ. ಎರಡನೆಯದು ಅಂತಃಕರಣದಿಂದ ಹೋದ ಪ್ರಾಣ. ಪ್ರಜಾಪ್ರಭುತ್ವದಲ್ಲಿ ಕೊಡುಗೆಗೆ ಬೆಲೆ ಬರುವುದು ಮೊತ್ತದಿಂದಲ್ಲ, ತಿಳಿದು ಒಪ್ಪಿದ ಜನರ ಮನಸ್ಸಿನಿಂದ.

ಕಠಿಣವಾದ ಪ್ರಸಂಗ

ನನ್ನ ವಾದಕ್ಕೆ ಅನುಕೂಲವಾದುದನ್ನಷ್ಟೇ ಹೇಳಿ ಕುಳಿತುಕೊಂಡರೆ ತಮಗೆ ದ್ರೋಹಮಾಡಿದಂತಾದೀತು. ೨೦೨೧ನೆಯ ಇಸವಿಯನ್ನು ನೆನೆಯಿರಿ. ಜನವರಿಯಿಂದ ನಮ್ಮ ದೇಶ ಕೊರೋನಾ ಲಸಿಕೆಯನ್ನು ಹೊರದೇಶಗಳಿಗೆ ಕಳುಹಿಸಿತು. ಏಪ್ರಿಲ್-ಮೇ ತಿಂಗಳುಗಳಲ್ಲಿ ಎರಡನೆಯ ಅಲೆ ಬಂದಾಗ ಇಲ್ಲಿ ಲಸಿಕೆ ಸಾಲದಾಯಿತು. ೧೮ರಿಂದ ೪೪ ವಯಸ್ಸಿನವರಿಗೆ ಕೊಡುವುದನ್ನು ನಮ್ಮ ರಾಜ್ಯದಲ್ಲಿ ಮೇ ೧೪ರಿಂದ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ನಸುಕಿನಲ್ಲಿ ಆಸ್ಪತ್ರೆಯ ಮುಂದೆ ಸಾಲು ನಿಂತು ಬರಿಗೈಲಿ ಹಿಂತಿರುಗಿದವರು ಈ ಸಭೆಯಲ್ಲಿಯೂ ಇದ್ದೀರಿ. ಮನೆಯವರನ್ನು ಕಳೆದುಕೊಂಡವರೂ ಇದ್ದೀರಿ. "ನಮ್ಮ ಮಕ್ಕಳ ಲಸಿಕೆಯನ್ನು ಹೊರಗೇಕೆ ಕಳುಹಿಸಿದಿರಿ?" ಎಂಬ ಕೂಗನ್ನು ಸಂಕುಚಿತ ಬುದ್ಧಿಯೆಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಆದರೂ ಇಲ್ಲಿ ಕೂಡ ಧಾನ್ಯಗಳನ್ನು ಬೇರ್ಪಡಿಸೋಣ. ಹೊರಗೆ ಹೋದುದು ಸುಮಾರು ೬.೬ ಕೋಟಿ ಗುಕ್ಕು. ಅದರಲ್ಲಿ ದಾನವಾಗಿ ಹೋದುದು ಸುಮಾರು ೧.೧ ಕೋಟಿ, ಎಂದರೆ ಆರರಲ್ಲಿ ಒಂದು ಪಾಲು. ಉಳಿದುದು ತಯಾರಕರ ವ್ಯಾಪಾರ ಮತ್ತು ಅಂತಾರಾಷ್ಟ್ರೀಯ ಕೋವ್ಯಾಕ್ಸ್ ಏರ್ಪಾಡಿನ ಕರಾರು. ಇಲ್ಲಿ ಕೊರತೆ ಬಿದ್ದದ್ದಕ್ಕೆ, ತಯಾರಕರು ಇಬ್ಬರೇ ಇದ್ದುದೂ, ಸಾಕಷ್ಟು ಲಸಿಕೆಗೆ ಸಕಾಲದಲ್ಲಿ ಬೇಡಿಕೆ ಸಲ್ಲಿಸದೆ ಹೋದುದೂ ದೊಡ್ಡ ಕಾರಣಗಳು. ಭೂತಾನದ ಮುದುಕಿಗೆ ಕೊಟ್ಟ ಸೂಜಿಮದ್ದು ಅವುಗಳ ಮುಂದೆ ಅಲ್ಪ. ಆ ಸಂಕಟದ ತಿಂಗಳಲ್ಲಿ ಅದೇ ಭೂತಾನವು ತನ್ನ ಗಡಿಯ ಕಾರ್ಖಾನೆಯಿಂದ ಅಸ್ಸಾಮಿಗೆ ದಿನಕ್ಕೆ ೪೦ ಟನ್ ಆಮ್ಲಜನಕ ಕೊಡಲು ಮುಂದೆ ಬಂದಿತು. ಕೀನ್ಯಾ ದೇಶವು ೧೨ ಟನ್ ಚಹ, ಕಾಫಿ, ಕಡಲೆಕಾಯಿ ಕಳುಹಿಸಿದಾಗ ನಮ್ಮಲ್ಲಿ ಕೆಲವರು ನಕ್ಕರು. ಬಡವನು ತಂದ ಉಡುಗೊರೆಯನ್ನು ನೋಡಿ ನಗುವುದು ಕನ್ನಡದ ಮನೆಗಳ ಪದ್ಧತಿಯಲ್ಲ.

ಆದಕಾರಣ ನಾನು ಒಂದು ನಿಯಮ ಹೇಳುತ್ತೇನೆ, ತಾವು ಪರೀಕ್ಷಿಸಬಹುದು. ಪ್ರಾಣಕ್ಕೆ ಬೇಕಾದ ವಸ್ತು ಮನೆಯಲ್ಲಿಯೇ ಸಾಲದಾದಾಗ ಮನೆಯವರಿಗೆ ಮೊದಲು, ಅದರಲ್ಲಿ ಲಜ್ಜೆಯಿಲ್ಲ. ಆದರೆ ಮನೆಯಲ್ಲಿ ಸಾಲದಾದುದು ನಮ್ಮ ಉದಾಸೀನದಿಂದಾದರೆ, ಆ ತಪ್ಪನ್ನು ನೆರೆಯವನ ತಟ್ಟೆಯ ಮೇಲೆ ಹೊರಿಸಲಾಗದು.

ಮನೆಯ ಎಲ್ಲೆ

ಕಡೆಯದಾಗಿ ಒಂದು ಹಳೆಯ ಮಾತು. ನಮ್ಮವರು, ಪರರು ಎಂಬ ಗೆರೆ ಎಲ್ಲಿಂದ ಎಲ್ಲಿಗೆ? ೧೯೫೬ಕ್ಕೆ ಮುಂಚೆ ಕರ್ನಾಟಕ ಏಕೀಕರಣದ ಮಾತು ಬಂದಾಗ ಹಳೆಯ ಮೈಸೂರಿನ ಎಷ್ಟೋ ಪ್ರಮುಖರು, "ನಮ್ಮ ಆದಾಯ, ನಮ್ಮ ವಿದ್ಯುತ್ತು, ನಮ್ಮ ನೀರಾವರಿ ಎಲ್ಲವನ್ನೂ ಹಿಂದುಳಿದ ಉತ್ತರದ ಜಿಲ್ಲೆಗಳಿಗೆ ಹಂಚಿಬಿಡಬೇಕೇ?" ಎಂದು ಹಿಂಜರಿದರು. ೧೯೫೫ರಲ್ಲಿ ವರದಿ ಒಪ್ಪಿಸಿದ ರಾಜ್ಯ ಪುನರ್ವಿಂಗಡಣಾ ಆಯೋಗವೂ ಈ ವಿರೋಧವನ್ನು ಪರಿಶೀಲಿಸಬೇಕಾಯಿತು. ಮುಖ್ಯಮಂತ್ರಿಗಳಾಗಿದ್ದ ಕೆಂಗಲ್ ಹನುಮಂತಯ್ಯನವರು ತಮ್ಮ ಪಕ್ಷದೊಳಗಿನ ಅಸಮಾಧಾನವನ್ನು ಲೆಕ್ಕಿಸದೆ ಏಕೀಕರಣದ ಪಕ್ಷ ಹಿಡಿದರು. ಗಮನಿಸಿರಿ: ಅಂದು ಪರರೆನಿಸಿಕೊಂಡವರು ಕನ್ನಡವನ್ನೇ ಆಡುವ ರಾಯಚೂರು, ಗುಲ್ಬರ್ಗ, ಧಾರವಾಡಗಳವರು! ೧೯೮೫ರಿಂದ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ವಿದ್ಯುತ್ತು ಹಳೆಯ ಮೈಸೂರಿನ ಮನೆಗಳಲ್ಲಿಯೂ ಉರಿಯತೊಡಗಿತು. ಕಲಬುರಗಿಯ ತೊಗರಿಬೇಳೆಯಿಲ್ಲದೆ ನಮ್ಮ ಮುದ್ದೆಗೆ ಸಾರೇ ಇಲ್ಲ. ಕೊಡುವಾಗ ಪರರೆನಿಸಿದವರು ಕೊಳ್ಳುವಾಗ ನಮ್ಮವರಾದರು. ಮನೆಯ ಎಲ್ಲೆ ಗೋಡೆಯಲ್ಲ; ಅದು ಬೆಳೆಯುವ ಹೊಲದ ಬದು.

ಆದರೆ ಉತ್ತರದ ಜಿಲ್ಲೆಗಳು ಏಕೀಕರಣವಾದ ಮೇಲೂ ಬಹುಕಾಲ ಹಿಂದೆಯೇ ಉಳಿದವೆಂಬುದೂ ಸತ್ಯ. "ನಮ್ಮವರು" ಎಂದು ಬಾಯಲ್ಲಿ ಹೇಳಿದರೆ ಸಾಲದು, ಪಾಲು ತಲಪಬೇಕು. ದೂರದವರಿಗೆ ಕೊಡಬೇಡಿರೆನ್ನುವವರೆಲ್ಲರೂ ಹತ್ತಿರದವರಿಗೆ ಕೊಡುತ್ತಾರೆಂದು ನಂಬುವುದು ಭ್ರಮೆ. ಪರದೇಶಕ್ಕೆ ಕಾಸು ಹೋಗಬಾರದೆಂದು ಗುಡುಗುವ ಗೃಹಸ್ಥನೇ ಓಣಿಯ ವಿಧವೆಯ ಅರ್ಜಿಗೆ ಒಂದು ಸಾಲು ಬರೆದುಕೊಡಲು ಬಿಡುವಿಲ್ಲವೆನ್ನುವುದನ್ನು ನಾನು ಕಂಡಿದ್ದೇನೆ.

ಆ ಸೊಪ್ಪಿನ ಮುದುಕಿಯ ಮಾತಿಗೆ ಬರುತ್ತೇನೆ. ಆಕೆಯ ಪಿಂಚಣಿ ನೇಪಾಳಕ್ಕೂ ಹೋಗಿರಲಿಲ್ಲ, ಬಾಂಗ್ಲಾದೇಶಕ್ಕೂ ಹೋಗಿರಲಿಲ್ಲ. ಬ್ಯಾಂಕಿನ ಪುಸ್ತಕದಲ್ಲಿದ್ದ ಹೆಸರಿಗೂ ಆಧಾರ್ ಚೀಟಿಯಲ್ಲಿದ್ದ ಹೆಸರಿಗೂ ಒಂದಕ್ಷರದ ವ್ಯತ್ಯಾಸ. ಅಷ್ಟರಿಂದಲೇ ಹಣ ತಡೆದುನಿಂತಿತ್ತು. ನಮ್ಮ ಕಿರಿಯ ಉಪಾಧ್ಯಾಯರೊಬ್ಬರು ಎರಡು ದಿನ ಆಕೆಯೊಡನೆ ಕಚೇರಿಯಿಂದ ಕಚೇರಿಗೆ ಅಲೆದರು. ಅಕ್ಷರ ತಿದ್ದಿತು, ಬಾಕಿಯೂ ಬಂದಿತು. ನಾನು ಸಂತೋಷದಿಂದ ಈ ಸುದ್ದಿಯನ್ನು ಆಕೆಗೆ ವಿವರಿಸಿ, ಪರದೇಶದವರ ತಪ್ಪಿಲ್ಲವೆಂದು ಬುದ್ಧಿ ಹೇಳಹೋದೆ. ಆಕೆ, "ಆಯ್ತು ಮೇಷ್ಟ್ರೇ, ಅವ್ರ ತಪ್ಪಲ್ಲ. ಒಂದಕ್ಷರಕ್ಕೆ ನಾಕು ತಿಂಗ್ಳು ಯಾಕೆ ಬೇಕಾಯ್ತು, ಅದು ಹೇಳಿ" ಎಂದಳು.

ಬಂಧುಗಳೆ, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಲೋಕಾಭಿಪ್ರಾಯವು ಕೇಳಬೇಕಾದ ಪ್ರಶ್ನೆ ಅದೇ ಎಂಬುದು ಅಂದು ನನಗೆ ಮನವರಿಕೆಯಾಯಿತು. ಪರರಿಗೆ ಕೊಟ್ಟ ಒಂದು ರೂಪಾಯಿಯ ಲೆಕ್ಕವನ್ನು ಕೇಳೋಣ. ಮನೆಗೆಂದು ಇಟ್ಟ ೯೯೯ ರೂಪಾಯಿಯ ಲೆಕ್ಕವನ್ನು ಅದಕ್ಕಿಂತ ಗಟ್ಟಿಯಾಗಿ ಕೇಳೋಣ. ತಾವು ನಾಳೆ ಶಾಲೆಗೆ ಹೋದಾಗ ಮೇಲಿನ ತರಗತಿಯ ಮಕ್ಕಳ ಕೈಯಲ್ಲಿ ತಮ್ಮ ಗ್ರಾಮ ಪಂಚಾಯತಿಯ ಆಯವ್ಯಯವನ್ನು ಕೊಟ್ಟು ಭಾಗಾಕಾರ ಮಾಡಿಸಿರಿ. ಆ ಓಣಿಯಲ್ಲಿ ಯಾರಾದರೂ ಅಕ್ಷರದ ತಪ್ಪಿಗೆ ಅನ್ನ ಕಳೆದುಕೊಂಡಿದ್ದರೆ ಅಕ್ಷರ ಬಲ್ಲ ತಾವು ಎದ್ದುಹೋಗಿರಿ. ಮನೆಗೆ ಉಪಕಾರಿಯಾದವನು ಊರಿಗೂ ಉಪಕಾರಿಯಾಗುವುದರಲ್ಲಿ ವಿರೋಧವೇನೂ ಇಲ್ಲ. ಮಾರಿಯಾಗುವುದನ್ನು ಬಿಡಬೇಕು, ಉಪಕಾರವನ್ನಲ್ಲ.